ಖರ ಸಂವತ್ಸರದ ಕೂಸು

17 ನವೆಂಬರ್ 1985, ಭಾನುವಾರ

ದೀಪಾವಳಿಗೆ ಬಂದ ನೆಂಟರೆಲ್ಲ ಹೊರಟುಹೋದರು. ಹೋಗುವ ಮುಂಚೆ ತಮ್ಮನ ಮಗ ಕೆರಿಯಪ್ಪ ನನ್ನ ತಲೆಗೆ ಒಂದು ಕೆಲಸ ಕಟ್ಟಿ ಹೋದ. ನಮ್ಮ ಮಾಸ್ತಮ್ಮನ ಕಲ್ಲಿಗಿರುವ ಹೆಂಚಿನ ಮಾಡು ತೆಗೆದು ಗುಡಿ ಕಟ್ಟಿಸುವುದಂತೆ, ಯುಗಾದಿ ಕಳೆದ ಮೇಲೆ ಪ್ರತಿಷ್ಠೆಯಂತೆ, ಗೋಡೆಗೆ ನಮ್ಮ ವಂಶಾವಳಿ ಕೆತ್ತಿದ ಕಲ್ಲು ಕೂರಿಸುವುದಂತೆ. ಬರೀ ಹೆಸರಾದರೆ ಸಾಲದು. ಯಾರು ಯಾವಾಗ ಹುಟ್ಟಿದರು, ಯಾವಾಗ ತೀರಿಕೊಂಡರು, ಆಗ ದೇಶದಲ್ಲಿ ಏನು ನಡೆದಿತ್ತು, ಎಲ್ಲ ಬೇಕು. “ದೊಡ್ಡಪ್ಪ, ಇದು ನಿಮ್ಮ ಬಿಟ್ರೆ ಬೇರೆಯೋರ ಕೈಲಿ ಆಗದಲ್ಲ” ಎಂದ.

ಶಾಲೆಯ ಮೆಟ್ಟಿಲು ಹತ್ತದವನು ನಾನು. ದನ ಕಾಯುತ್ತ ಹಳೆಯ ಪಂಚಾಂಗದಲ್ಲಿ ಅಕ್ಷರ ಕಲಿತವನು. ಎಂಬತ್ತು ತುಂಬಿದ ಮೇಲೆ ಇಂಥ ಮಾತು ಕಿವಿಗೆ ಬಿದ್ದರೆ ಹಿಗ್ಗದೆ ಇರಲಾದೀತೆ?

ಕಥೆ ನಮಗೆಲ್ಲ ಗೊತ್ತಿದ್ದದ್ದೇ. ಮೂಲಪುರುಷ ಹೂವಯ್ಯ ನಗರ ಸೀಮೆಯ ರೈತರ ದಂಗೆಯಲ್ಲಿ ಗುಂಡು ತಿಂದು ಸತ್ತ. ಅವನ ಹೆಂಡತಿ ಹಾಲು ಬಿಡದ ಕೂಸನ್ನು ಮಡಿಲಿಂದ ಇಳಿಸಿ, ಗಂಡನ ಚಿತೆ ಏರಿ ಮಾಸ್ತಿಯಾದಳು. ಆ ಕೂಸೇ ನನ್ನ ಅಜ್ಜ ಮಾಸ್ತಪ್ಪ. ಅವನಿಂದ ನಾವೆಲ್ಲ. ಸುತ್ತಿನ ಊರಿನವರು ನಮ್ಮನ್ನು ಮಾಸ್ತಿ ಮನೆಯವರು ಎಂದು ಕರೆಯುವುದು ಅದಕ್ಕೇ. ಕಲ್ಲಿನ ಮೇಲೆ ಅಕ್ಷರ ಸವೆದಿದೆ. ‘ಖರ ಸಂವತ್ಸರ’ ಎಂಬುದು ಮಾತ್ರ ಬೆರಳಿಗೆ ಸಿಗುತ್ತದೆ.

ಬರೆಯುತ್ತ ಕೂತಿದ್ದಾಗ ಸೊಸೆ ಗಂಗಾ ಬೆಲ್ಲದ ಕಾಫಿ ತಂದಿಟ್ಟು, ಕಣ್ಣಿಗೆ ಆಯಾಸ ಮಾಡಿಕೊಳ್ಳಬೇಡಿ ಎಂದು ಹೇಳಿ ಹೋದಳು. ಮಗ ಕನ್ನಪ್ಪ ಮಂಗನ ಕಾಯಿಲೆಯಲ್ಲಿ ಹೋಗಿ ಎರಡು ವರ್ಷವಾಗುತ್ತ ಬಂತು. ಅವನು ಬಿಟ್ಟುಹೋದದ್ದು ಇವಳನ್ನು ಮತ್ತು ಪುಟ್ಟ ಸರೋಜಳನ್ನು. ಸೊಸೆಯೆಂದು ನಾನು ಯಾವತ್ತೂ ಎಣಿಸಿಲ್ಲ. ಗಂಗಾ ನನ್ನ ಮಗಳೇ.

1 ಡಿಸೆಂಬರ್ 1985, ಭಾನುವಾರ

ನೆಂಟರಿಗೆಲ್ಲ ಬರೆದ ಕಾರ್ಡುಗಳಿಗೆ ಉತ್ತರ ಬರುತ್ತಿದೆ. ಓದಿ ಓದಿ ನಕ್ಕೆ. ಸಾಗರದ ದಾಯಾದಿಯೊಬ್ಬ ತನ್ನ ಅಪ್ಪ ಸತ್ತ ವರ್ಷ ತಿಳಿಯದೆಂದೂ, ಆ ವರ್ಷ ಅವರ ಎಮ್ಮೆ ಅವಳಿ ಕರು ಹಾಕಿತ್ತೆಂದೂ, ಅದನ್ನೇ ಕೆತ್ತಿಸಬಹುದೆಂದೂ ಬರೆದಿದ್ದಾನೆ. ಇನ್ನೊಬ್ಬರಿಗೆ ತಾತ ಸತ್ತದ್ದು ಪ್ಲೇಗು ಬಂದ ವರ್ಷ. ಮತ್ತೊಬ್ಬರಿಗೆ ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತ ವರ್ಷ. ನಮ್ಮ ಜನ ಹುಟ್ಟು ಸಾವುಗಳನ್ನು ಕಷ್ಟಗಳಿಗೆ ಕಟ್ಟಿ ನೆನಪಿಟ್ಟಿದ್ದಾರೆ. ಗಂಟು ಬಿಚ್ಚಿ ಇಸವಿ ಹಚ್ಚುವುದಷ್ಟೇ ನನ್ನ ಕೆಲಸ.

15 ಡಿಸೆಂಬರ್ 1985, ಭಾನುವಾರ

ಗಂಗಾಳ ಅಣ್ಣ ಮಾರಪ್ಪ ಬಂದಿದ್ದ. ಕೆರಿಯಪ್ಪನೂ ಇದ್ದ. ಮಾರಪ್ಪ ಬಹಳ ಹೊತ್ತು ಬತ್ತದ ಮಾತಾಡಿ, ಕೊನೆಗೆ ಬಂದ ವಿಷಯ ತೆಗೆದ. ಲಿಂಗನಮಕ್ಕಿಯಲ್ಲಿ ಕೆಲಸಕ್ಕಿರುವ ಒಬ್ಬನಿದ್ದಾನಂತೆ, ಹೆಂಡತಿ ತೀರಿಕೊಂಡವ, ಒಳ್ಳೆಯವ. ಗಂಗಾಳನ್ನು ಕೇಳುತ್ತಿದ್ದಾನಂತೆ. ಮಗುವನ್ನೂ ಸಾಕುತ್ತೇನೆ ಎಂದಿದ್ದಾನಂತೆ.

ಗಂಡ ಸತ್ತವಳಿಗೆ ಸೀರೆ ಕೊಟ್ಟು ಇನ್ನೊಬ್ಬನ ಮನೆ ತುಂಬಿಸುವುದಕ್ಕೆ ನಮ್ಮ ಜನ ಉಡಿಕೆ ಎನ್ನುತ್ತಾರೆ. ಬೇರೆ ಮನೆಗಳಲ್ಲಿ ಅದು ಹೊಸದೇನಲ್ಲ. ಮಾಸ್ತಿ ಮನೆಯಲ್ಲಿ ಮಾತ್ರ ಇಲ್ಲ. ಬೆಂಕಿಗೆ ಹೋದ ತಾಯಿಯ ಹೊಟ್ಟೆಯ ಸಂತಾನ ನಮ್ಮದು. ಈ ಮನೆಯ ಸೊಸೆ ಉಡಿಕೆ ಬೇಕೆಂದರೆ ಹೆತ್ತ ಮಗುವನ್ನು ಇಲ್ಲೇ ಬಿಟ್ಟು ಹೋಗಬೇಕು, ಮತ್ತೆ ಹೊಸ್ತಿಲು ತುಳಿಯಬಾರದು. ಕೆರಿಯಪ್ಪ ಅದನ್ನೇ ಹೇಳಿದ.

ಮಾರಪ್ಪ ನನ್ನ ಕಡೆ ತಿರುಗಿದ. “ಹಿರಿಯರ ಕಾಲದಾಗೆ ಈ ಮನೇಲಿ ಒಂದಾದ್ರೂ ಉಡಿಕೆ ಆಗಿರದಿಲ್ವಾ ಮಾವ? ಹೆಂಗೂ ಹಳೇದು ಕೆದಕ್ತಾ ಇದ್ದೀರಿ. ಸಿಕ್ಕಿದ್ರೆ ನಮ್ಮ ಹುಡುಗಿ ಮಗು ಕರ್ಕಂಡು ಹೋಗ್ಲಿ. ಸಿಗದಿದ್ರೆ ನಾವು ಬಾಯಿ ಮುಚ್ಕಂತೀವಿ.”

ಕೆರಿಯಪ್ಪ ಒಪ್ಪಿದ. ಪ್ರತಿಷ್ಠೆಯ ದಿನ ಎಲ್ಲರ ಎದುರು ದೊಡ್ಡಪ್ಪ ಏನು ಹೇಳುತ್ತಾರೋ ಅದೇ ಸೈ ಎಂದು ತೀರ್ಮಾನವಾಯಿತು. ಬಾಗಿಲ ಹಿಂದೆ ಗಂಗಾಳ ಸೆರಗು ಸರಿದ ಸದ್ದಾಯಿತು. ಸಿಗಲಿ ಎಂದೇ ನನ್ನ ಆಸೆ. ಇಪ್ಪತ್ತಾರರ ಹುಡುಗಿ, ಎಷ್ಟು ವರ್ಷ ಅಂತ ಈ ಮುದುಕನ ಗಂಜಿ ಕಾಯಿಸಿಕೊಂಡು ಇರುವುದು?

7 ಜನವರಿ 1986, ಮಂಗಳವಾರ

ಸಾಗರಕ್ಕೆ ಹೋಗಿ ಬಂದೆ. ಕಾಲೇಜಿನಲ್ಲಿ ಚರಿತ್ರೆ ಹೇಳುವ ಮೇಷ್ಟ್ರೊಬ್ಬರು ಕೂರಿಸಿ ಮಾತಾಡಿದರು. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದಲ್ಲ, ಹಾಗಾಗಿ ಹಳ್ಳಿಯಲ್ಲಿ ಅಜ್ಜನ ಕಥೆಯನ್ನು ಮೊಮ್ಮಗನಿಗೆ ಅಂಟಿಸುವುದುಂಟು ಎಂದು ನಕ್ಕರು. ನಮ್ಮ ಖರ ಯಾವುದು ಎಂದು ನೋಡಿದಾಗ 1831 ಬಂತು. ನಗರದ ದಂಗೆ ನಡೆದದ್ದೂ ಆಗಲೇ. ಸರಿಯಾಗಿ ಕೂತಿತು! ನನ್ನ ಕಣ್ಣು ತುಂಬಿತು.

ಆಮೇಲೆ ಅಜ್ಜನ ವಿಷಯ ಕೇಳಿದರು. ಅಜ್ಜ ಸತ್ತದ್ದು ಇನ್‌ಫ್ಲುಯೆಂಜಾದಲ್ಲಿ, 1918ರಲ್ಲಿ, ನನ್ನ ಕಣ್ಣೆದುರೇ. ಹಾಗಾದರೆ ಎಂಬತ್ತೆಂಟು ವರ್ಷ ಬದುಕಿದರು ಎಂದರು. ಮಕ್ಕಳೆಷ್ಟು ಎಂದರು. ಕೊನೆಯವಳು ಮಂಡಗದ್ದೆಯ ಜಲಜತ್ತೆ, ಅತ್ತೆಯಾದರೂ ನನಗಿಂತ ಎಂಟು ವರ್ಷ ಚಿಕ್ಕವಳು ಎಂದೆ. ಮೇಷ್ಟ್ರು ಪೆನ್ನು ಕೆಳಗಿಟ್ಟರು.

“ಎಂಬತ್ತಮೂರನೇ ವಯಸ್ಸಿನಲ್ಲಿ ಮಗಳು ಹುಟ್ಟಿದಳೇ ಯಜಮಾನರೇ?”

ಹಳೇ ಕಾಲದ ಮೈ, ಗಟ್ಟಿ ಎಂದೆ. ಇಬ್ಬರೂ ನಕ್ಕೆವು. ಅಜ್ಜ ಚಿಕ್ಕವನಿದ್ದಾಗ ಕಣ್ಣಾರೆ ಕಂಡದ್ದು ಏನಾದರೂ ಹೇಳುತ್ತಿದ್ದರೇ ಎಂದು ಕೇಳಿದರು. ಈಗ ಪೇಪರಿನಲ್ಲಿ ಹ್ಯಾಲಿ ಧೂಮಕೇತುವಿನದೇ ಸುದ್ದಿ. ಅದು ಹಿಂದಿನ ಸಲ ಬಂದಾಗ ನನಗೆ ಐದು ವರ್ಷ. ಅಜ್ಜ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿ, ನಾನೂ ನಿನ್ನಷ್ಟಿದ್ದಾಗ ಹೀಗೇ ನಮ್ಮಪ್ಪನ ಹೆಗಲ ಮೇಲೆ ಕೂತು ಇಂಥದೇ ಬಾಲಚುಕ್ಕಿ ನೋಡಿದ್ದೆ, ಅದರ ಬಾಲ ಅರ್ಧ ಆಕಾಶ ಗುಡಿಸುತ್ತಿತ್ತು ಎಂದಿದ್ದ. ಅದನ್ನು ಹೆಮ್ಮೆಯಿಂದಲೇ ಹೇಳಿದೆ. ಮೇಷ್ಟ್ರು ಒಂದು ದಪ್ಪ ಪುಸ್ತಕ ತೆಗೆದು ನೋಡಿ, ಅಷ್ಟು ಉದ್ದ ಬಾಲದ್ದು, ನಿಮ್ಮ ಅತ್ತೆಯ ವಯಸ್ಸಿಗೂ ಹೊಂದುವಂಥದ್ದು 1858ರದ್ದು ಎಂದರು. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ.

8 ಜನವರಿ 1986, ಬುಧವಾರ

ಬಸ್ಸಿನಲ್ಲೇ ತಿಳಿದಿತ್ತು. ನಿನ್ನೆ ಅದನ್ನು ಬರೆಯಲು ಕೈ ಬರಲಿಲ್ಲ.

1858ರಲ್ಲಿ ಅಜ್ಜ ಹೆಗಲ ಮೇಲೆ ಕೂರುವ ಮಗು. ಅಂದರೆ ಹುಟ್ಟಿದ್ದು ಅದಕ್ಕೆ ನಾಲ್ಕೈದು ವರ್ಷ ಹಿಂದೆ. ಹೂವಯ್ಯ ಮತ್ತು ಮಾಸ್ತಮ್ಮ ಬೂದಿಯಾದದ್ದು 1831ರಲ್ಲಿ. ಸತ್ತು ಇಪ್ಪತ್ತೇಳು ವರ್ಷವಾದವನು ಮಗನಿಗೆ ಹೆಗಲು ಕೊಡುವುದು ಹೇಗೆ? ಅಜ್ಜ ಸಾಯುವ ವರ್ಷವೂ ಹೆಂಡ ಇಳಿಸಲು ಬೈನೆ ಮರ ಹತ್ತುತ್ತಿದ್ದ. ತಲೆಯಲ್ಲಿ ಕಪ್ಪು ಕೂದಲಿತ್ತು. ಅದನ್ನೆಲ್ಲ ನೋಡಿದ ನಾನೇ ಇಷ್ಟು ವರ್ಷ ಲೆಕ್ಕ ಹಾಕಲಿಲ್ಲ. ಮಾಸ್ತಮ್ಮನ ಮಡಿಲ ಕೂಸು ಅವನಲ್ಲ. ನಾವು ಅವಳ ಹೊಟ್ಟೆಯವರಲ್ಲ.

ಹಾಗಾದರೆ ಯಾರ ಹೊಟ್ಟೆಯವರು? ಯಾರೋ ಒಬ್ಬಳು ಆಮೇಲೆ ಈ ಮನೆಗೆ ಬಂದಿದ್ದಾಳೆ.

ಗಂಗಾಳಿಗೆ ಮೊದಲು ಹೇಳಬೇಕೆಂದು ಒಳಗೆ ಹೋದೆ. ಕಿಟಕಿಯ ಬೆಳಕಿನಲ್ಲಿ ಸರೋಜಳ ತಲೆ ಬಾಚುತ್ತಿದ್ದಳು. ಸರೋಜಳ ಹಿಂದಲೆಯ ಸುಳಿ ಕನ್ನಪ್ಪನದೇ. ನೀರು ಕೇಳಿ ಕುಡಿದು ಬಂದೆ. ಅವಸರವೇನು, ಇನ್ನೂ ವಿಚಾರಿಸುವುದಿದೆ.

9 ಫೆಬ್ರವರಿ 1986, ಭಾನುವಾರ

ಮಂಡಗದ್ದೆಗೆ ಹೋಗಿದ್ದೆ. ಜಲಜತ್ತೆ ಅಂಗಳದಲ್ಲಿ ಹುಣಸೆ ಬೀಜ ಕುಟ್ಟುತ್ತಿದ್ದಳು. “ಎಂತ ಹೂವಪ್ಪ, ಸಾಯಕೆ ಮುಂಚೆ ಒಂದ್ಸಲ ಅತ್ತೆ ನೆಪ್ಪಾದ್ಲಾ?” ಎಂದು ನಕ್ಕಳು. ಚಿಕ್ಕವರಿದ್ದಾಗ ನಾನು ಅವಳನ್ನು ಎತ್ತಿ ಆಡಿಸಿದವನು. ಆದರೂ ಅವಳು ಅತ್ತೆ. ಆ ಗತ್ತು ಬಿಟ್ಟುಕೊಟ್ಟವಳಲ್ಲ.

ಅವಳಿಗೆ ಎಲ್ಲ ಗೊತ್ತಿತ್ತು. ಅವಳವ್ವ ಹೇಳಿದ್ದಂತೆ, ಅವಳವ್ವನಿಗೆ ಅತ್ತೆ ಚೌಡಮ್ಮ ಹೇಳಿದ್ದಂತೆ. ಮಾಸ್ತಮ್ಮ ಇನ್ನೂ ಮೈನೆರೆಯದ ಹುಡುಗಿ. ಅವಳಿಗೆ ಕೂಸು ಎಲ್ಲಿಂದ ಬರಬೇಕು? ಹೆಂಡ ಕುಡಿಸಿ ಕರೆದುಕೊಂಡು ಹೋದರಂತೆ. ಬೆಂಕಿ ತಾಗಿದ್ದೇ ಹಾರಿ ಹೊಳೆಯ ಕಡೆಗೆ ಓಡಿದಳಂತೆ. ಹಿಡಿದು ತಂದು, ಬಿದಿರ ಗಳದಲ್ಲಿ ಒತ್ತಿ ಹಿಡಿದರಂತೆ. ಹಿಡಿದವರು ಯಾರು ಎಂದು ಕೇಳಿದೆ. ಕೇಳಬಾರದಿತ್ತು.

“ಮತ್ಯಾರು, ಅವಳ ಮೈದುನ. ನಿನ್ನ ಮುತ್ತಜ್ಜ. ಅದಾದ ಮೇಲೆ ಎಷ್ಟೋ ವರ್ಷ ಅವಂಗೆ ಯಾರೂ ಹೆಣ್ಣು ಕೊಡ್ಲಿಲ್ಲ. ಕಡೀಗೆ ಚೌಡಮ್ಮನ್ನ ಉಡಿಕೆ ಮಾಡ್ಕಂಡ. ಅವ್ಳು ಮೊದ್ಲಿನ ಗಂಡನ ಮಗೀನ ಕಂಕುಳಾಗೆ ಇಟ್ಕಂಡೇ ಬಂದ್ಲು. ನಮ್ಮಪ್ಪ ಹುಟ್ಟಿದ್ದು ಆಮೇಲೆ.”

ಗಂಗಾಳ ವಿಷಯ ಅವಳಿಗೂ ಹೋಗಿ ಮುಟ್ಟಿದೆ. ಬಾಳೆಎಲೆ ಹಾಕಿ ಊಟ ಬಡಿಸುತ್ತ, ನಾನೇ ಬಂದು ಹೇಳಲಾ, ಹುಡುಗಿಗೆ ಒಳ್ಳೆಯದಾಗುತ್ತದೆ ಎಂದಳು. ಬೇಡ ಅತ್ತೆ, ಬಸ್ಸಿನ ಕುಲುಕಾಟ ನಿನಗಾಗದು ಎಂದೆ.

11 ಫೆಬ್ರವರಿ 1986, ಮಂಗಳವಾರ

ಜ್ವರ. ಗಂಗಾ ಕಷಾಯ ಮಾಡಿಕೊಟ್ಟಳು. ರಾತ್ರಿಯೆಲ್ಲ ಎದ್ದೆದ್ದು ಬಂದು ಹಣೆ ಮುಟ್ಟಿ ನೋಡುತ್ತಿದ್ದಳಂತೆ. ನನಗೆ ತಿಳಿಯಲಿಲ್ಲ.

2 ಮಾರ್ಚ್ 1986, ಭಾನುವಾರ

ಸರೋಜ ಇವತ್ತು ಸ್ಲೇಟಿನಲ್ಲಿ ಅಪ್ಪನ ಹೆಸರು ಬರೆದು ತೋರಿಸಿದಳು. ‘ನ್ನ’ ತಿದ್ದಿಕೊಟ್ಟೆ. ಈ ಮಗು ಲಿಂಗನಮಕ್ಕಿಯ ಕಾಲೋನಿಯಲ್ಲಿ ಯಾವನನ್ನೋ ಅಪ್ಪ ಎಂದು ಕರೆದುಕೊಂಡು ಬೆಳೆಯಬೇಕೆ? ಎರಡು ವರ್ಷದಲ್ಲಿ ಕನ್ನಪ್ಪನ ಹೆಸರೂ ಅದಕ್ಕೆ ನೆನಪಿರದು. ವಂಶಾವಳಿ ಎಂದರೆ ನೆನಪು ಉಳಿಸುವ ಕೆಲಸ. ನಾನೇ ಅದನ್ನು ಕೆಡಿಸಲೇ?

ಶಾಂತವಾಗಿ ಕೂತು ಯೋಚಿಸಿದೆ. ಬಾಲಚುಕ್ಕಿಯ ಮಾತು ಐದು ವರ್ಷದ ಹುಡುಗ ನಿದ್ದೆಗಣ್ಣಿನಲ್ಲಿ ಕೇಳಿದ್ದು. ಅದಕ್ಕೇನು ಆಧಾರ? ಕಲ್ಲು ಹೇಳುತ್ತದೆ ಖರ ಎಂದು. ಕಲ್ಲಿಗಿಂತ ಹೆಚ್ಚೇ? ಕಲ್ಲುಕುಟಿಗನಿಗೆ ಬರೆದುಕೊಟ್ಟೆ: ‘ಮಾಸ್ತಪ್ಪ. ಜನನ ವಿಕೃತಿ ಸಂವತ್ಸರ, 1830, ನಗರದ ದಂಗೆಯ ಕಾಲ. ಮರಣ ಕಾಲಯುಕ್ತಿ ಸಂವತ್ಸರ, 1918.’ ತುಂಬು ಬಾಳು. ಓದಲು ಚೆನ್ನಾಗಿದೆ.

ನೆಂಟರಿಗೆಲ್ಲ ಪ್ರತಿಷ್ಠೆಯ ಕಾರ್ಡು ಹಾಕಿದೆ. ಕೊನೆಯಲ್ಲಿ ಎಲ್ಲರಿಗೂ ಒಂದು ಸಾಲು ಸೇರಿಸಿದೆ: ಪಾಪ, ನಮ್ಮ ಜಲಜತ್ತೆಗೆ ಈಚೆಗೆ ನೆನಪು ಹಾರುತ್ತಿದೆ, ಅದಕ್ಕೆ ಇದನ್ನು ಕಲಸಿ ಮಾತಾಡುತ್ತಾಳೆ, ಏನಾದರೂ ಅಂದರೆ ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಪ್ರೀತಿಯಿಂದ ನೋಡಿಕೊಳ್ಳಿ. ಅವಳೊಬ್ಬಳಿಗೆ ಕಾರ್ಡು ಹಾಕಲಿಲ್ಲ. ವಯಸ್ಸಾದವಳನ್ನು ಅಷ್ಟು ದೂರ ಎಳೆದಾಡಿಸುವುದು ತಪ್ಪು.

24 ಮಾರ್ಚ್ 1986, ಸೋಮವಾರ

ಊರವರು ಬೆಳಗಿನ ಜಾವ ಎದ್ದು ಧೂಮಕೇತು ನೋಡಲು ದಿಬ್ಬಕ್ಕೆ ಹೋಗುತ್ತಿದ್ದಾರೆ. ಸರೋಜಳೂ ಹಟ ಮಾಡಿದಳು. ಅದರ ಗಾಳಿ ಒಳ್ಳೆಯದಲ್ಲ ಎಂದು ಹೇಳಿ ಮಲಗಿಸಿದೆ.

20 ಏಪ್ರಿಲ್ 1986, ಭಾನುವಾರ

ಪ್ರತಿಷ್ಠೆ ಚೆನ್ನಾಗಿ ನಡೆಯಿತು. ಪೂಜೆ ಮುಗಿದು ಊಟಕ್ಕೆ ಮುಂಚೆ ಎಲ್ಲರೂ ಗುಡಿಯ ಮುಂದೆ ಚಾಪೆ ಹಾಸಿ ಕೂತೆವು. ವಂಶಾವಳಿಯ ಕಲ್ಲನ್ನು ನಾನೇ ಓದಿದೆ. ಹೆಂಗಸರು ಕಣ್ಣೊರೆಸಿಕೊಂಡರು. ಆಮೇಲೆ ಮಾರಪ್ಪ ಎದ್ದು ಕೈಮುಗಿದು, ಹಿರಿಯರು ಒಂದು ಮಾತು ಹೇಳಬೇಕಿತ್ತು ಎಂದ. ಸೊಸೆ ಮಗುವಿನ ಕೈ ಹಿಡಿದು ಕಂಬದ ಹತ್ತಿರ ನಿಂತಿದ್ದಳು.

ನಾನು ಹೇಳಿದೆ: ಸಾಗರದವರೆಗೆ ಹೋಗಿ ವಿಚಾರಿಸಿದ್ದೇನೆ, ಮಾಸ್ತಮ್ಮನ ಮಡಿಲಿನಿಂದ ಇವತ್ತಿನವರೆಗೆ ಈ ಮನೆಯಲ್ಲಿ ಉಡಿಕೆ ನಡೆದದ್ದಿಲ್ಲ.

“ನಡೆದದೆ” ಎಂದು ಹಿಂದಿನಿಂದ ಒಂದು ದನಿ. ಜಲಜತ್ತೆ. ಕರೆಯದಿದ್ದರೂ ಬಸ್ಸು ಹಿಡಿದು ಒಬ್ಬಳೇ ಬಂದಿದ್ದಳು. ಸೆರಗಿನಲ್ಲಿ ಮಾಸ್ತಮ್ಮನಿಗೆಂದು ಬಳೆ ಕಟ್ಟಿಕೊಂಡಿದ್ದಳು. ನಿಂತುಕೊಂಡೇ ಎಲ್ಲ ಹೇಳಿದಳು. ಹೊಳೆ, ಬಿದಿರ ಗಳ, ಚೌಡಮ್ಮ, ಕಂಕುಳ ಮಗು. ಕೆರಿಯಪ್ಪ ಪಕ್ಕದವನನ್ನು ತಿವಿದು ನಕ್ಕ. ನಗು ಚಾಪೆಯ ತುದಿಯವರೆಗೂ ಹೋಯಿತು.

“ಅಜ್ಜಿ, ನೂರಾಐವತ್ತು ವರ್ಷದ್ದು ಇರ್ಲಿ, ಇವತ್ತು ಬೆಳಿಗ್ಗೆ ಎಂತ ತಿಂದ್ರಿ ಹೇಳಿ ನೋಡಣ” ಎಂದ ಕೆರಿಯಪ್ಪ.

ಅಷ್ಟು ಜನ ನಗುವುದನ್ನು ಕಂಡು ಅವಳು ಗಾಬರಿಯಾದಳು. ರೊಟ್ಟಿ ಎಂದಳು, ಅಲ್ಲ, ಕಡುಬು ಎಂದಳು, ಆಮೇಲೆ ತಿಂದೇ ಇಲ್ಲ, ಬಸ್ಸಿಗೆ ಹೊತ್ತಾಗಿತ್ತು ಎಂದಳು. ಮಕ್ಕಳೂ ನಕ್ಕವು. ಆಗ ನನ್ನ ಹತ್ತಿರ ಬಂದು ಮುಖಕ್ಕೆ ಮುಖ ಕೊಟ್ಟು ಕೇಳಿದಳು.

“ನಮ್ಮಪ್ಪ ಸತ್ತಾಗ ನಾನು ಐದು ವರ್ಷದೋಳು. ಅವ್ನು ಅವ್ನಪ್ಪನ ಹೆಗಲ ಮೇಲೆ ಕೂತು ಬಾಲಚುಕ್ಕಿ ನೋಡಿದ್ನಂತೆ ಅನ್ನೋ ಕಥೆ ನಂಗೆ ಹೇಳಿದ್ಯಾರು? ನೀನೇ ಅಲ್ದಾ ಹೂವಪ್ಪ? ನಾನು ಅತ್ತಾಗೆಲ್ಲ ನೀನು ಅದ್ನೇ ಹೇಳಿ ಮಲಗುಸ್ತಿದ್ದೆ.”

“ನಂಗೆ ನೆಪ್ಪಿಲ್ಲ ಅತ್ತೆ” ಎಂದೆ.

ಅವಳು, ಹಂಗಾದ್ರೆ ನಂದೇ ತಪ್ಪಿರಬೇಕು ಎಂದು ಮೆಲ್ಲಗೆ ಹೇಳಿ ನೆಲದ ಮೇಲೆ ಕೂತಳು. ಸೊಸೆ ಓಡಿ ಹೋಗಿ ಅವಳಿಗೆ ನೀರು ಕೊಟ್ಟಳು. ನನ್ನ ಹತ್ತಿರ ಬಂದು, “ನೀವು ಹೇಳಿದ ಮೇಲೆ ಮುಗೀತು ಮಾವ. ನಿಮಗೆ ಸುಳ್ಳು ಹೇಳಕೆ ಬರಲ್ಲ ಅಂತ ನಂಗೊತ್ತದೆ” ಎಂದಳು. ಒಳ್ಳೆಯ ನಡತೆಯ ಹೆಣ್ಣು ಎಂದು ಎಲ್ಲರೂ ಮೆಚ್ಚಿದರು.

ಸಂಜೆ ಅತ್ತೆಯನ್ನು ಬಸ್ಸಿಗೆ ಹತ್ತಿಸಲು ನಾನೇ ಹೋದೆ. ದಾರಿಯಲ್ಲಿ ಅವಳು, “ನಂಗೆ ಖರೇವಂದ್ರೂ ನೆಪ್ಪು ಹಾರಿದ್ಯಾ ಹೂವಪ್ಪ? ಹಂಗಾದ್ರೆ ಮನೇಲಿ ಒಲೆ ಹಚ್ಚಕೂ ಹೆದ್ರಿಕೆ” ಎಂದಳು. ವಯಸ್ಸಾದ ಮೇಲೆ ಎಲ್ಲರಿಗೂ ಆಗುವುದೇ ಅತ್ತೆ ಎಂದು ಸಮಾಧಾನ ಹೇಳಿದೆ. ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟೆ.

4 ಮೇ 1986, ಭಾನುವಾರ

ಸರೋಜಳ ಹೆತ್ತವಳು ಇವತ್ತು ತವರಿಗೆ ಹೋದಳು. ಉಡಿಕೆ ಬೇಡ, ಏನೂ ಬೇಡ, ಮಗುವಿನ ಜೊತೆ ಇಲ್ಲೇ ಇರುತ್ತೇನೆ ಎಂದು ಕೆರಿಯಪ್ಪನ ಕಾಲು ಹಿಡಿದಳು. ಒಂದು ಸಲ ಬಾಯಿಬಿಟ್ಟು ಕೇಳಿದ ಮೇಲೆ ಮಾಸ್ತಮ್ಮನ ಮುಂದೆ ದೀಪ ಹಚ್ಚುವ ಕೈ ಅದಲ್ಲ ಎಂದು ಅವನು ಹೇಳಿದ. ನನ್ನ ಕಡೆ ನೋಡಿದಳು. ಕೇಳಿದ್ದು ಅವಳ ಅಣ್ಣ, ಅವಳಲ್ಲ. ಅದು ನನಗೆ ಗೊತ್ತು. ಆದರೆ ನಾಲ್ಕು ಜನರೆದುರು ಆದ ತೀರ್ಮಾನವನ್ನು ಹಿರಿಯನಾದವನು ಮುರಿಯಬಾರದು.

ಮಗು ನೋಡಿ ಅತ್ತೀತೆಂದು ಬೆಳಿಗ್ಗೆಯೇ ಕೆರಿಯಪ್ಪನ ಮನೆಗೆ ಆಡಲು ಕಳಿಸಿದ್ದೆ. ಇಬ್ಬರಿಗೂ ಅದೇ ಒಳ್ಳೆಯದು.

27 ಮೇ 1986, ಮಂಗಳವಾರ

ಆ ಹೆಂಗಸು ಬೇಲಿಯ ಹತ್ತಿರ ಬಂದು ನಿಂತಿದ್ದಳು. ಲಂಗ ಹೊಲಿದು ತಂದಿದ್ದಳು. ಮಗು ಮಲಗಿದೆ ಎಂದೆ. ಅಷ್ಟರಲ್ಲಿ ಒಳಗಿಂದ ಮಗು ನಗುವುದು ಕೇಳಿಸಿತು. ಅವಳು ಲಂಗವನ್ನು ಬೇಲಿಯ ಗೂಟಕ್ಕೆ ಹಾಕಿ ಹೋದಳು. ಮಳೆ ಬರುವಂತಿತ್ತು, ತೆಗೆದು ಅಟ್ಟಕ್ಕೆ ಹಾಕಿಸಿದೆ.

15 ಜೂನ್ 1986, ಭಾನುವಾರ

ದೀಪ ಹಚ್ಚಿದ ಮೇಲೆ ಸರೋಜಳಿಗೆ ದಿನಾ ವಂಶಾವಳಿ ಬಾಯಿಪಾಠ ಮಾಡಿಸುತ್ತಿದ್ದೇನೆ. ಬಲು ಚುರುಕು. ಹೆಸರು, ಸಂವತ್ಸರ, ಇಸವಿ, ಒಂದೇ ಉಸಿರಿಗೆ ಹೇಳುತ್ತಾಳೆ. ನಿನ್ನೆ ಕನ್ನಪ್ಪನವರೆಗೆ ಬಂದು ನಿಂತು, “ಅವ್ವ ಎಲ್ಲಿ ಬರ್ತಾಳೆ ಅಜ್ಜ?” ಎಂದಳು. ಇದರಲ್ಲಿ ಹೆಂಗಸರ ಹೆಸರು ಬರುವುದಿಲ್ಲ, ಮಾಸ್ತಮ್ಮ ಒಬ್ಬಳದೇ ಎಂದೆ. ಅವಳ ನಿಜವಾದ ಹೆಸರೇನು ಎಂದು ಕೇಳಿದಳು. ಅದು ಯಾರಿಗೂ ಗೊತ್ತಿಲ್ಲ ಎಂದೆ.

ಮಾಸ್ತಮ್ಮ ಸತ್ತಿದ್ದಕ್ಕೇ ಅವಳ ಹೆಸರು ಬರೆದದ್ದಲ್ಲವೇ ಎಂದು ಮಗು ಕೇಳಿತು. ಹೌದು ಎಂದೆ.

“ನಮ್ಮವ್ವನೂ ಸತ್ತೋದ್ಲಾ?”

ದಿನಾ ಬಾಗಿಲು ನೋಡುತ್ತ ಕೂರುವುದು ತಪ್ಪೀತು ಎನಿಸಿತು. “ಹೌದು ಪುಟ್ಟಿ” ಎಂದೆ.

“ಯಾವ ಸಂವತ್ಸರ?”

“ಅಕ್ಷಯ. ಸಾವಿರದ ಒಂಬೈನೂರ ಎಂಬತ್ತಾರು.”

ಸ್ವಲ್ಪ ಅತ್ತು ಮಲಗಿತು. ಇವತ್ತು ಬೆಳಿಗ್ಗೆ ಹಲ್ಲುಜ್ಜಿಸುತ್ತ ಮತ್ತೆ ಕೇಳಿದೆ. ಮೊದಲಿನಿಂದ ಕೊನೆಯವರೆಗೆ, ಅವ್ವನದನ್ನೂ ಸೇರಿಸಿ, ಒಂದೂ ತಪ್ಪಿಲ್ಲದೆ ಒಪ್ಪಿಸಿದಳು.